ಎರಡು ಡಬ್ಬಿಗಳ ನಡುವಿನ ಎಡೆ

ಹಾವೇರಿಯ ಪುರದ ಸಿದ್ಧೇಶ್ವರನ ಗುಡಿ ಪಶ್ಚಿಮಾಭಿಮುಖವಾದುದು. ಬೆಳಗಿನ ಬಿಸಿಲು ಅದರ ಬೆನ್ನಿಗೆ ಬೀಳುತ್ತದೆ. ಆ ಬಿಸಿಲು ಇನ್ನೂ ಮೂಡದ ಹೊತ್ತಿನಲ್ಲಿ, ಎರಡು ವರ್ಷಗಳ ಹಿಂದಿನ ಮಾಘಮಾಸದಲ್ಲಿ, ನಾವು ಗುಡಿಯ ಮುಂದೆ ಕೈಮುಗಿದು ಹೊರಟೆವು. ನಮ್ಮ ಭಾಗದ ಒಂದು ಹಳ್ಳಿಯ ಮಠದ ಜಾತ್ರೆಗೆ ದಾಸೋಹದ ಸಾಮಗ್ರಿ ಕೂಡಿಸುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಹಾವೇರಿಯಲ್ಲಿ ಭಕ್ತರು ಕೊಟ್ಟ ಜೋಳ, ಅಕ್ಕಿ, ಬೆಲ್ಲವನ್ನು ಹೇರಿಕೊಂಡು, ರಾಣೇಬೆನ್ನೂರಿನಲ್ಲಿ ಜೋಳವನ್ನು ಗಿರಣಿಗೆ ಇಳಿಸಿ, ಅಲ್ಲಿಂದ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತರುವುದು. ರೊಟ್ಟಿ ಬಡಿಯಲು ಒಪ್ಪಿದ ತಾಯಂದಿರು ರಾಣೇಬೆನ್ನೂರಿನವರಾದ್ದರಿಂದ ಈ ಸುತ್ತು ಅನಿವಾರ್ಯವಾಗಿತ್ತು.

ವಾಹನ ಒಂದು ಟ್ರ್ಯಾಕ್ಟರ್. ಅದರ ಹಿಂದೆ ಒಂದಕ್ಕೊಂದು ಕಟ್ಟಿದ ಎರಡು ಟ್ರೇಲರುಗಳು. ಟ್ರೇಲರಿಗೆ ನಮ್ಮ ಕಡೆ ಡಬ್ಬಿ ಎಂದೇ ಹೆಸರು. ಬ್ಯಾಡಗಿಯಲ್ಲಿ ಡಬ್ಬಿ ಎಂದರೆ ದಪ್ಪನೆಯ ಒಂದು ಜಾತಿಯ ಮೆಣಸಿನಕಾಯಿಯೂ ಹೌದು. ಆದ್ದರಿಂದ ಅಲ್ಲಿನ ಪೇಟೆಯಲ್ಲಿ ‘ಡಬ್ಬಿಯಲ್ಲಿ ಡಬ್ಬಿ ಬಂತು’ ಎಂದರೆ ಯಾರೂ ನಗುವುದಿಲ್ಲ. ಮುಂದಿನ ಡಬ್ಬಿಯಲ್ಲಿ ಧಾನ್ಯ, ಹಿಂದಿನದು ಮೆಣಸಿನಕಾಯಿಗಾಗಿ ಖಾಲಿ. ಸರಕಿನ ಡಬ್ಬಿಯಲ್ಲಿ ಜನರನ್ನು ಕೂಡಿಸುವುದು ಕಾನೂನಿಗೆ ವಿರುದ್ಧವಾದುದರಿಂದ ನಾನೂ ಮಠದ ಇಬ್ಬರು ಸಾಧಕರೂ ಒಂದು ಜೀಪಿನಲ್ಲಿ ಹಿಂದೆ ಬರುತ್ತಿದ್ದೆವು.

ಹಾವೇರಿ 1997ರ ಆಗಸ್ಟಿನಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ನನ್ನ ಎಳವೆಯಲ್ಲಿ ಈ ದಾರಿಯ ತುಂಬ ಚಕ್ಕಡಿಗಳೇ. ಭಾರತ ಹುಣ್ಣಿಮೆಯ ಕಾಲಕ್ಕೆ ಮೈಲಾರದ ಕಾರಣಿಕ ಕೇಳಲು ಹೋಗುವ ಬಂಡಿಗಳ ಸಾಲು ಕಣ್ಣಿಗೆ ಎಟುಕುವಷ್ಟು ದೂರ ಹಬ್ಬಿರುತ್ತಿತ್ತು. ಆ ಸಾಲಿಗೊಂದು ಕಟ್ಟಳೆಯಿತ್ತು: ಹಿಂದಿನ ಬಂಡಿಯ ಎತ್ತು ಮುಂದಿನ ಬಂಡಿಯಲ್ಲಿ ತುಂಬಿದ ಮೇವಿಗೆ ಬಾಯಿ ಹಾಕದಷ್ಟು ಅಂತರ ಬಿಡಬೇಕು. ಬಂಡಿ ಮಾಡುವ ಬಡಿಗನೂ ಮೂಕಿಯ ಅಳತೆಯಲ್ಲಿ ಇದೇ ಎಚ್ಚರ ವಹಿಸುತ್ತಿದ್ದ. ಮೂಕಿ ಗಿಡ್ಡವಾದರೆ ಇಳಿಜಾರಿನಲ್ಲಿ ಬಂಡಿಯ ಮುಂಭಾಗ ಎತ್ತಿನ ಹಿಂಗಾಲಿಗೆ ಬಡಿಯುತ್ತದೆ. ಎತ್ತು ಮಾತನಾಡದಿದ್ದರೂ ಒದ್ದು ತಿಳಿಸುತ್ತಿತ್ತು. ಕಬ್ಬಿಣದ ಡಬ್ಬಿಗೆ ಆ ಗುಣವಿಲ್ಲ.

ಹೆದ್ದಾರಿಯಲ್ಲಿ ಮೋಟೆಬೆನ್ನೂರು ದಾಟಿ ರಾಣೇಬೆನ್ನೂರು ಸೇರುವಾಗ ಒಂಬತ್ತು ಗಂಟೆ. ಈ ತಾಲ್ಲೂಕು ನಮಗೆ ಎರಡು ಕಾರಣಗಳಿಂದ ಪವಿತ್ರವಾದುದು. ತುಂಗಭದ್ರೆಯ ದಂಡೆಯ ಚೌಡದಾನಪುರ ಅಂಬಿಗರ ಚೌಡಯ್ಯನವರ ನೆನಪಿನ ಊರು. ಜೋಯಿಸರಹರಳಹಳ್ಳಿ ಹಾನಗಲ್ಲ ಕುಮಾರ ಶಿವಯೋಗಿಗಳು 1867ರಲ್ಲಿ ಜನಿಸಿದ ಊರು. ಅವರು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗಮಂದಿರದ ಅನ್ನವನ್ನು ಉಂಡು ಓದಿದವನು ನಾನು. ಅಲ್ಲಿ ನಮಗೆ ಮೊದಲು ಕಲಿಸುತ್ತಿದ್ದುದು ಸಾವಧಾನ. ಆ ದಿನ ನನ್ನಲ್ಲಿ ಇಲ್ಲದೆ ಹೋದದ್ದೂ ಅದೇ.

ಗಿರಣಿ ಇದ್ದದ್ದು ಇಕ್ಕಟ್ಟಾದ ಓಣಿಯಲ್ಲಿ. ಜೋಳದ ಚೀಲ ಇಳಿಸಲು ಮುಂದಿನ ಡಬ್ಬಿಯ ಹಿಂಬಾಗಿಲು ತೆರೆಯಬೇಕು. ಈ ಬಾಗಿಲಿನ ಕೀಲು ತಳದಲ್ಲಿರುತ್ತದೆ. ಎರಡೂ ಪಕ್ಕದ ಕೊಂಡಿ ಬಿಚ್ಚಿದರೆ ಬಾಗಿಲು ಹಿಂದಕ್ಕೆ ಬಾಗಿ ಕೆಳಗೆ ಬೀಳುತ್ತದೆ. ಒಂದೇ ಡಬ್ಬಿ ಇದ್ದಾಗ ಇದರಲ್ಲಿ ತೊಡಕೇನೂ ಇಲ್ಲ. ಎರಡನೆಯದನ್ನು ಕಟ್ಟಿದಾಗ ಅದರ ಕಬ್ಬಿಣದ ಮೂಕಿ ಮೊದಲನೆಯದರ ತಳದ ಕೊಕ್ಕೆಗೆ ಬಂದು ಸೇರುತ್ತದೆ, ಅದರ ಮುಂಗೋಡೆ ಈ ಬಾಗಿಲಿಗೆ ಎದುರಾಗಿ ನಿಲ್ಲುತ್ತದೆ. ನಮ್ಮ ಬಾಗಿಲಿನ ಎತ್ತರ ಎರಡೂವರೆ ಅಡಿ. ಎರಡು ಡಬ್ಬಿಗಳ ನಡುವಿನ ಎಡೆ ಎರಡೇ ಅಡಿ. ಹಿಂದಿನ ಡಬ್ಬಿಯನ್ನು ನಾವು ಬೇರೆ ಊರಿನಿಂದ ಎರವಲು ತಂದಿದ್ದೆವು. ಅದರ ಮೂಕಿ ಗಿಡ್ಡ. ಈ ಲೆಕ್ಕವನ್ನು ನಾನು ಹಾಕಿದ್ದು ಮರುದಿನ.

ಚಾಲಕ, “ಶಾಸ್ತ್ರಿಗಳ್ರೀ, ಹಿಂದಿಂದು ಬಿಚ್ಚಿ ಸರಸೋಣೇನ್ರಿ?” ಎಂದು ಕೇಳಿದ. ಬ್ಯಾಡಗಿಯ ಪೇಟೆಯಲ್ಲಿ ವ್ಯಾಪಾರ ಮುಗಿದೀತೆಂಬ ಆತುರದಲ್ಲಿ ನಾನು, “ಹತ್ತು ಚೀಲಕ್ಕೆ ಅದೆಲ್ಲ ಯಾಕಪ್ಪಾ, ಹಾಗೇ ತೆಗೆಯಿರಿ” ಎಂದೆ. ಸಾಧಕರಿಬ್ಬರೂ ನಡುವಿನ ಸಂದಿಯಲ್ಲಿ ಆಚೆಗೊಬ್ಬ ಈಚೆಗೊಬ್ಬ ನಿಂತು ಕೊಂಡಿ ಬಿಚ್ಚಿದರು. ಒಳಗಿನ ಚೀಲಗಳು ಬಾಗಿಲಿಗೆ ಒರಗಿಕೊಂಡಿದ್ದವು. ಬಾಗಿಲು ಅವರ ಕೈ ಮೀರಿ ಬಂದು, ಅರ್ಧ ಬಾಗುವಷ್ಟರಲ್ಲೇ ಅದರ ಮೇಲಂಚು ಹಿಂದಿನ ಡಬ್ಬಿಯ ಗೋಡೆಗೆ ಬಡಿದು ನಿಂತಿತು. ಆ ಅಂಚಿನ ಮೇಲೆ ಹದಿನೆಂಟರ ಸಾಧಕನ ಎಡಗೈ ಇತ್ತು.

ಆತ ಕೂಗಲಿಲ್ಲ. ‘ಶಿವಾ’ ಎಂದಷ್ಟೇ ಕೇಳಿಸಿತು. ಚೀಲಗಳ ಭಾರ ಬಾಗಿಲ ಮೇಲಿದ್ದುದರಿಂದ ಅದನ್ನು ಹಿಂದಕ್ಕೆ ತಳ್ಳಲು ಐದು ಜನ ಬೇಕಾಯಿತು. ಆಸ್ಪತ್ರೆಯಲ್ಲಿ ವೈದ್ಯರು ನಡುಬೆರಳನ್ನು ಹೊಲಿದು ಉಳಿಸಿದರು. ಉಂಗುರದ ಬೆರಳಿನ ತುದಿಯ ಗೆಣ್ಣು ಹೋಯಿತು.

ಇಷ್ಟಲಿಂಗವನ್ನು ನಾವು ಧರಿಸಿ ಪೂಜಿಸುವುದು ಎಡ ಅಂಗೈಯಲ್ಲಿ. ಸಂಜೆ ಆತ ನನ್ನನ್ನು ಕೇಳಿದ ಮೊದಲ ಮಾತೇ ಅದು: “ಗುರುಗಳ, ಪೂಜಾ ಹ್ಯಾಂಗ ಮಾಡ್ಲಿ?” ಅಂಗೈಯ ತುಂಬ ಬಿಳಿಯ ಪಟ್ಟಿ. ಶಾಸ್ತ್ರದಲ್ಲಿ ಏನಿದೆಯೆಂದು ಮೂವತ್ತು ವರ್ಷ ಹೇಳಿಕೊಂಡು ಬಂದವನಿಗೆ ಒಂದು ಕ್ಷಣ ಬಾಯಿ ಕಟ್ಟಿತು. “ಕೈ ಅದೇ ಅಲ್ಲವೇ ತಮ್ಮಾ, ಪಟ್ಟಿಯ ಮೇಲೆಯೇ ಮಾಡಿಕೊ. ನೀರು ಹಾಕಬೇಡ, ಭಸ್ಮ, ಪತ್ರೆ ಸಾಕು” ಎಂದೆ. ಹಿರಿಯರೊಬ್ಬರು ಮುಂದೆ ಇದಕ್ಕೆ ಆಕ್ಷೇಪಿಸಿದರು. ನನಗೆ ಈಗಲೂ ಅದು ತಪ್ಪೆನಿಸುವುದಿಲ್ಲ. ತಪ್ಪಿದ್ದುದು ಬೆಳಗಿನ ಮಾತಿನಲ್ಲಿ.

ಆತನನ್ನು ರಾಣೇಬೆನ್ನೂರಿನ ಭಕ್ತರ ಮನೆಯಲ್ಲಿ ಬಿಟ್ಟು ಮರುದಿನ ಬ್ಯಾಡಗಿಗೆ ಹೋದೆವು. ಪೇಟೆಯ ಓಣಿಗೆ ಕಾಲಿಡುತ್ತಲೇ ಸೀನು ಬರುವುದು ಇಲ್ಲಿನ ಸ್ವಾಗತ. ಹಾವೇರಿ ಜಿಲ್ಲೆಯವರಷ್ಟೇ ಅಲ್ಲ, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರೂ ಇಲ್ಲಿಗೆ ಬರುತ್ತಾರೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಈ ಕಾಯಿಯ ಹಿರಿಮೆ. ಅದರ ಬಣ್ಣದ ಸತ್ತ್ವವನ್ನು ತೆಗೆದು ಆಹಾರಕ್ಕೂ ಪ್ರಸಾಧನ ಸಾಮಗ್ರಿಗೂ ಬಳಸುತ್ತಾರೆ. ಸುಕ್ಕುಸುಕ್ಕಾದ ಉದ್ದನೆಯದು ಕಡ್ಡಿ, ದಪ್ಪನೆಯದು ಡಬ್ಬಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ದಾಸೋಹದ ಸಾರಿಗೆ ಕಡ್ಡಿಯೇ ಚೆಂದವೆಂದು ಅಡಿಗೆಯ ತಾಯಂದಿರ ಅಪ್ಪಣೆಯಾಗಿತ್ತು.

ಮೆಣಸಿನಕಾಯಿಗೆ ಗಾತ್ರ ಬಹಳ, ತೂಕ ಅಲ್ಪ. ಆದ್ದರಿಂದ ಚೀಲಗಳನ್ನು ಡಬ್ಬಿಯ ಗೋಡೆಗಿಂತ ಎಷ್ಟೋ ಮೇಲಕ್ಕೆ ಒಟ್ಟುತ್ತಾರೆ. ಬಾಗಿಲು ತೆರೆದರೆ ಅವು ಜಾರಿ ಬರುತ್ತವೆ. ಇಲ್ಲಿನ ಹಮಾಲರಿಗೆ ಇದು ದಿನನಿತ್ಯದ ಕಾಯಕ. ನಾನು ಒಂದು ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡಿದೆ. ಎರಡು ಡಬ್ಬಿಯ ಗಾಡಿ ಬಂದರೆ ಅವರು ಮೊದಲು ಬಾಗಿಲಿಗೆ ಕೈ ಹಾಕುವುದೇ ಇಲ್ಲ. ಹಿಂದಿನ ಡಬ್ಬಿಯ ಗಾಲಿಗಳಿಗೆ ಮುಂದೂ ಹಿಂದೂ ಕಲ್ಲು ಕೊಡುತ್ತಾರೆ. ಮೂಕಿಯ ಕೆಳಗೆ ಊರುಗೋಲು ನಿಲ್ಲಿಸುತ್ತಾರೆ, ಏಕೆಂದರೆ ಎರಡೇ ಗಾಲಿಯ ಡಬ್ಬಿ ಬಿಚ್ಚಿದೊಡನೆ ಭಾರವಿದ್ದ ಕಡೆಗೆ ಕುಸಿಯುತ್ತದೆ. ಆಮೇಲೆ ಪಿನ್ನು ಕಿತ್ತು ಟ್ರ್ಯಾಕ್ಟರನ್ನು ನಾಲ್ಕು ಹೆಜ್ಜೆ ಮುಂದೆ ಒಯ್ಯುತ್ತಾರೆ. ಕೊನೆಗೆ ಕೊಂಡಿ ಬಿಚ್ಚುವವನು ಬಾಗಿಲ ಎದುರಿಗಲ್ಲ, ಪಕ್ಕದಲ್ಲಿ ನಿಲ್ಲುತ್ತಾನೆ.

ವಯಸ್ಸಾದ ಹಮಾಲನೊಬ್ಬ ನನ್ನ ಕುತೂಹಲ ಕಂಡು ಬಂದು ಕುಳಿತ. ನಿನ್ನೆಯ ಸಂಗತಿ ಹೇಳಿದೆ. ಆತ ನಮ್ಮ ಗಾಡಿಯ ಬಳಿ ಹೋಗಿ, ಮೊಳ ಹಾಕಿ ನೋಡಿ ಬಂದ. “ಬಾಗಲಾ ಎಷ್ಟು ಎತ್ತರ ಐತಿ ಅಷ್ಟು ಜಾಗಾ ಬಾಗಲಕ್ಕ ಬೇಕ್ರಿ ಅಜ್ಜಾರ. ಮ್ಯಾಲೊಂದು ಮೊಳ ಮನಷ್ಯಾಗ. ನಿಮ್ದರಾಗ ಬಾಗಲಕ್ಕೂ ಇಲ್ಲ, ಮನಷ್ಯಾಗೂ ಇಲ್ಲ.” ಗಾಡಿ ತಿರುವಿನಲ್ಲಿ ನಿಂತಿದ್ದರೆ ಒಂದು ಮೂಲೆಯ ಎಡೆ ಇನ್ನಷ್ಟು ಕಿರಿದಾಗುತ್ತದೆ, ಆದ್ದರಿಂದ ನೆಟ್ಟಗೆ ನಿಲ್ಲಿಸಿಯೇ ಅಳೆಯಬೇಕು, ತಿರುಗಿಸಿಯೂ ಅಳೆಯಬೇಕು ಎಂದ. ಹಾಗಾದರೆ ಮೂಕಿಯನ್ನೇ ಉದ್ದ ಮಾಡಿಸಿದರೆ ಹೇಗೆಂದು ಕೇಳಿದೆ. ಮಾಡಿಸಬಹುದು, ಆದರೆ ಉದ್ದವಾದಷ್ಟೂ ತಿರುವಿನಲ್ಲಿ ಹಿಂದಿನ ಡಬ್ಬಿ ಒಳಗೊತ್ತಿ ಬಂದು ದಾರಿಬದಿಯವರಿಗೆ ತಗಲುತ್ತದೆ. ಅದಕ್ಕಿಂತ ಬಾಗಿಲನ್ನು ಎರಡು ಹೋಳು ಮಾಡಿಸುವುದು ಲೇಸು, ಒಂದೊಂದು ಹೋಳಿಗೆ ಬೇಕಾದ ಎಡೆ ಅಷ್ಟಕ್ಕಷ್ಟೇ ಎಂದ. ಅಂಕಗಣಿತವನ್ನು ನಾನೂ ಕಲಿತಿದ್ದೆ. ಆತ ಅದನ್ನು ಬದುಕಿನಲ್ಲಿ ಕಲಿತಿದ್ದ. ತನ್ನ ಬಲಗೈಯನ್ನು ತೋರಿಸಿದ. ಹೆಬ್ಬೆರಳಿನ ಉಗುರು ಇರಲಿಲ್ಲ.

ಕಾನೂನು ಏನೇ ಹೇಳಲಿ, ಜಾತ್ರೆಗೆ ಹೋಗುವ ನಮ್ಮ ಕುಟುಂಬಗಳು ಇಂದಿಗೂ ಡಬ್ಬಿಯಲ್ಲಿ ಹತ್ತಿ ಕೂಡುವುದನ್ನು ನಾನು ಕಣ್ಣಾರೆ ಕಾಣುತ್ತೇನೆ. ಕೂಡಬಾರದು. ಗಾಡಿ ನಿಂತೊಡನೆ ಮಕ್ಕಳು ಓಡುವುದು ಹಿಂಬಾಗಿಲಿಗೇ, ಕೈ ಇಡುವುದು ಅದರ ಅಂಚಿನ ಮೇಲೆಯೇ. ಮನೆಯಲ್ಲಿ ಟ್ರ್ಯಾಕ್ಟರ್ ಇರುವ ಗೃಹಸ್ಥರು ಒಂದು ಬಿಡುವಿನ ದಿನ ಅಳತೆಯ ಪಟ್ಟಿ ಹಿಡಿದು ಹೊರಗೆ ಬರಲಿ. ಎರವಲು ತಂದ ಡಬ್ಬಿಯನ್ನಂತೂ ಅಳೆಯದೆ ಕಟ್ಟದಿರಲಿ.

ಹಿಂದಿರುಗುವಾಗ ರಾಣೇಬೆನ್ನೂರಿನ ಬೆಸುಗೆಯ ಶೆಡ್ಡೊಂದರಲ್ಲಿ ಬಾಗಿಲನ್ನು ಎರಡು ಹೋಳು ಮಾಡಿಸಿದೆವು. ಮಠಕ್ಕೆ ಬಂದ ಮೇಲೆ ಆ ಹುಡುಗನ ತಾಯಿಗೆ ಸುದ್ದಿ ತಿಳಿಸಲು ನಾನೇ ಅವರ ಊರಿಗೆ ಹೋದೆ. ನನ್ನ ಮಾತಿನಿಂದ ಆಯಿತೆಂದು ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಊಟಾ ಮಾಡ್ರಿ ಗುರುಗಳ” ಎಂದಳು. ಉಂಡೆ.

ಮರುವರ್ಷವೂ ಅದೇ ಸುತ್ತು, ಅದೇ ಗಿರಣಿ. ಹೊಸ ಬಾಗಿಲಿಗೆ ಎಡೆ ಸಾಕಷ್ಟಿತ್ತು. ಆದರೂ ಚಾಲಕ ನನ್ನನ್ನು ಕೇಳದೆಯೇ ಪಿನ್ನು ಕಿತ್ತ. ಗಾಲಿಗೆ ಕಲ್ಲು ಕೊಡುವ ಕೆಲಸವನ್ನು ಆ ಸಾಧಕ ಬೇರೆ ಯಾರಿಗೂ ಬಿಡಲಿಲ್ಲ. ಹತ್ತು ಚೀಲ ಇಳಿಸಲು ಅರ್ಧ ಗಂಟೆ ಹಿಡಿಯಿತು, ಬ್ಯಾಡಗಿಗೆ ಹೋಗುವಾಗ ಮಧ್ಯಾಹ್ನ. ಪೇಟೆಯಲ್ಲಿ ಮೆಣಸಿನಕಾಯಿ ಇನ್ನೂ ಬೇಕಾದಷ್ಟಿತ್ತು.