ಗೇಟ್ ಪೂರ್ತಿ ಎತ್ತೀನ್ರೀ!

ಈ ಸೆಮ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಇದೆ. ಪಿಐಡಿ ತನಕ ಕ್ಲಾಸಲ್ಲಿ ಎಲ್ಲರೂ ತಲೆ ಆಡಿಸ್ತಾರೆ. ‘ಆಂಟಿ ವೈಂಡ್‌ಅಪ್’ ಅಂದ ಕೂಡಲೇ ಹಿಂದಿನ ಬೆಂಚ್ ಸೈಲೆಂಟ್. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆದರೂ ಈ ಟಾಪಿಕ್ ನನಗೆ ತಲೆಗೆ ಹೋಗಿದ್ದು ಗಂಗಾವತಿ ಕಡೆ ಕನ್ನಡದಲ್ಲಿ.

ನಮ್ಮೂರು ಹೇಮಗುಡ್ಡ. ಹಳೇ ಕೋಟೆ, ದುರ್ಗಾ ಪರಮೇಶ್ವರಿ ಗುಡಿ, ಸುತ್ತ ಬಂಡೆಗಲ್ಲಿನ ಗುಡ್ಡ. ಸೋದರಮಾವನ ಗದ್ದೆ ಮಾತ್ರ ಗಂಗಾವತಿ ಆಚೆ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೆಳಭಾಗದಲ್ಲಿದೆ. ಭತ್ತ ನಾಟಿ ಟೈಮಲ್ಲಿ ಅಲ್ಲಿಗೆ ನೀರು ಬರೋದು ಎಲ್ಲರಿಗಿಂತ ಕೊನೆಗೆ. ಆಗ ಗ್ಯಾಂಗ್‌ಮನ್‌ಗೆ ಫೋನ್ ಮೇಲೆ ಫೋನ್. ಅವರದು ಒಂದೇ ಉತ್ತರ: “ಗೇಟ್ ಪೂರ್ತಿ ಎತ್ತೀನ್ರೀ, ಇನ್ನ ಎತ್ತಾಕ ಏನೂ ಉಳಿದಿಲ್ಲ.”

ಆಕ್ಚುಯೇಟರ್ ಸ್ಯಾಚುರೇಶನ್ ಅಂದ್ರೆ ಇಷ್ಟೇ.

ಈಗ ಆ ಗೇಟಿಗೆ ಒಂದು ಮೋಟರ್, ಒಂದು ಪಿಐ ಕಂಟ್ರೋಲರ್ ಇದೆ ಅಂದ್ಕೊಳ್ಳಿ. ಕೆಳಭಾಗದಲ್ಲಿ 1 ಮೀಟರ್ ನೀರು ಬೇಕು, ಇರೋದು ಅರ್ಧ ಮೀಟರ್. ಎರರ್ ಇದೆ, ಗೇಟ್ ಏಳುತ್ತೆ. 100% ತೆರೆದ ಮೇಲೂ ನೀರು ಅಲ್ಲಿಗೆ ಮುಟ್ಟೋಕೆ ಗಂಟೆಗಟ್ಟಲೆ ಬೇಕು. ಇಂಟಿಗ್ರೇಟರ್‌ಗೆ ಇದು ಗೊತ್ತಿಲ್ಲ. ಎರರ್ ಕೂಡಿಸೋದು ಅದರ ಕೆಲಸ, ಕೂಡಿಸ್ತಾನೇ ಇರುತ್ತೆ. ಆದೇಶ 120, 140, 180 ಆಗುತ್ತೆ, ಗೇಟ್ ಮಾತ್ರ 100ರಲ್ಲೇ ನಿಂತಿರುತ್ತೆ. ಕೊನೆಗೆ ನೀರು 1 ಮೀಟರ್ ಮುಟ್ಟಿದಾಗ ಎರರ್ ಸೊನ್ನೆ. ಆದರೆ ಕೂಡಿಟ್ಟ ಲೆಕ್ಕ ಹಾಗೇ ಇದೆ. ಅದು ಕರಗಬೇಕಾದ್ರೆ ಎರರ್ ನೆಗೆಟಿವ್ ಆಗ್ಬೇಕು, ಅಂದ್ರೆ ನೀರು ಹೆಚ್ಚಾಗಲೇಬೇಕು. ಅಲ್ಲಿ ತನಕ ಗೇಟ್ ತೆರೆದೇ ಇರುತ್ತೆ. ಬದು ಒಡೆದು, ನಿನ್ನೆ ಹಚ್ಚಿದ ಸಸಿ ತೇಲಿ ಹೋಗುತ್ತೆ. ನೀರಿಲ್ಲದೆ ಒಣಗ್ತಿದ್ದ ಗದ್ದೆ ನೀರಿನಿಂದಲೇ ಹಾಳು. ಇದು ವೈಂಡ್‌ಅಪ್.

ಪರಿಹಾರ ಎರಡಿವೆ. ಗೇಟ್ ಮಿತಿ ಮುಟ್ಟಿ, ಎರರ್ ಇನ್ನೂ ಅದೇ ದಿಕ್ಕಿಗೆ ದೂಡ್ತಿದ್ರೆ ಕೂಡಿಸೋದನ್ನೇ ನಿಲ್ಲಿಸೋದು ಒಂದು. ಅದು ಕ್ಲ್ಯಾಂಪಿಂಗ್. ಇನ್ನೊಂದು ಬ್ಯಾಕ್ ಕ್ಯಾಲ್ಕುಲೇಶನ್. ಆದೇಶ 140, ಗೇಟ್ ನಿಜವಾಗಿ ತೆರೆದದ್ದು 100, ವ್ಯತ್ಯಾಸ ಮೈನಸ್ 40. ಇದನ್ನ ಒಂದು ಗೇನ್‌ನಿಂದ ಗುಣಿಸಿ ಇಂಟಿಗ್ರೇಟರ್‌ನ ಇನ್‌ಪುಟ್‌ಗೆ ವಾಪಸ್ ಕೊಡೋದು. ಗೇಟ್ ಮಿತಿಯೊಳಗೆ ಇದ್ದಾಗ ವ್ಯತ್ಯಾಸ ಸೊನ್ನೆ, ಆಗ ಅದು ಮಾಮೂಲಿ ಪಿಐ.

ಒಂದು ಮಾತು ನೆನಪಿರಲಿ: ಇದರಿಂದ ಕಾಲುವೆಗೆ ಒಂದು ಹನಿ ನೀರೂ ಹೆಚ್ಚು ಬರಲ್ಲ. ಮಿತಿ ಮಿತಿಯೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯ್ತು. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆಯೋಕೆ ಒಂದು ವಾರ ಬೇಕಾಯ್ತು. ಆ ವಾರ ಮಾವ ಕೇಳ್ತಿದ್ದದ್ದು ಒಂದೇ: “ಎರಡನೇ ಬೆಳಿಗೆ ನೀರು ಉಳಿತಾವೇನು?” ಮುಚ್ಚೋಕೆ ಗೇಟೇ ಇಲ್ಲದ ಕಡೆ ಯಾವ ಅಲ್ಗಾರಿದಮ್ ಏನು ಮಾಡೀತು?

ಗೇಟ್ ಇರೋ ಕಡೆ ಮಾತ್ರ ನಮ್ಮ ಕೈಲಿ ಒಂದು ಕೆಲಸ ಇದೆ. ಬ್ಲಾಕ್ ಡಯಾಗ್ರಾಮ್‌ನಲ್ಲಿ ಕಂಟ್ರೋಲರ್‌ನಿಂದ ಗೇಟಿಗೆ ಹೋಗೋ ಬಾಣ ಎಲ್ಲರೂ ಹಾಕ್ತೀವಿ. ಮುಂದಿನ ಮಿನಿ ಪ್ರಾಜೆಕ್ಟ್‌ನಲ್ಲಿ ಗೇಟಿನಿಂದ ಕಂಟ್ರೋಲರ್‌ಗೆ ವಾಪಸ್ ಬರೋ ಬಾಣ ಇದೆಯಾ ಅಂತ ಒಮ್ಮೆ ನೋಡಿ. ‘ಇನ್ನ ಎತ್ತಾಕ ಏನೂ ಉಳಿದಿಲ್ಲ’ ಅಂತ ಅದು ಹೇಳೋದನ್ನ ಕೇಳಿಸಿಕೊಳ್ಳೋಕೆ ಬೇರೆ ದಾರಿ ಇಲ್ಲ.