ಮೊಮ್ಮಗುವಿನ ಊರಿನಲ್ಲಿ ಆರು ತಿಂಗಳು

ಮಗಳು ಹೆರಿಗೆಗೆ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಮಗಳು ಅಮೆರಿಕದಲ್ಲಿದ್ದರೆ? ಆಗ ತವರೇ ಗಂಟುಮೂಟೆ ಕಟ್ಟಿಕೊಂಡು ಅವಳ ಮನೆಗೆ ಹೊರಡಬೇಕು! ಹಾಸನ, ಶಿವಮೊಗ್ಗ, ಧಾರವಾಡ, ಯಾವ ಊರಿಗೇ ಹೋಗಿ, ಹೀಗೆ ಬಾಣಂತನಕ್ಕೆಂದು ಸಮುದ್ರ ದಾಟಿ ಬಂದ ತಾಯಂದಿರು ಸಿಗುತ್ತಾರೆ. ನಿಮ್ಮ ಮನೆಯಲ್ಲೂ ಅಂಥ ಸಡಗರ ನಡೆದಿದ್ದರೆ ಬನ್ನಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರನ್ನು ಒಂದು ಸುತ್ತು ನೋಡಿ ಬರೋಣ. ಅಲ್ಲಿ ಎಷ್ಟು ದಿನ ಇರಬಹುದು ಅನ್ನೋ ಲೆಕ್ಕವನ್ನೂ ಜೊತೆಗೇ ತಿಳಿದುಕೊಳ್ಳೋಣ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಊರು ಫ್ರೀಮಾಂಟ್. ಕಂಪ್ಯೂಟರ್ ಕಂಪನಿಗಳ ಸಿಲಿಕಾನ್ ಕಣಿವೆ ಹತ್ತಿರವೇ ಆದ್ದರಿಂದ ಭಾರತೀಯರು ಬಹಳ. ಊರ ಹಿಂದೆ ಗೋಡೆಯಂತೆ ಮಿಷನ್ ಪೀಕ್ ಬೆಟ್ಟ; ಊರೊಳಗೆ ಸೆಂಟ್ರಲ್ ಪಾರ್ಕು, ಅದರಲ್ಲಿ ಎಲಿಜಬೆತ್ ಸರೋವರ. ಬೆಳಗಿನ ಹೊತ್ತು ಅಲ್ಲಿಗೆ ಹೋದರೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ಬೂಟು ಮೆಟ್ಟಿಕೊಂಡು, ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಕೆರೆ ಸುತ್ತುವ ಅಮ್ಮಂದಿರನ್ನು ಕಾಣುತ್ತೀರಿ. ದಾರಿಗಡ್ಡ ನಿಂತ ಬಾತುಗಳು ಯಾರಿಗೂ ಹೆದರುವುದಿಲ್ಲ, ನಾವೇ ಬಳಸಿಕೊಂಡು ಹೋಗಬೇಕು. "ನೀವು ಯಾವ ಕಡೆಯವರು?" ಎಂದು ಒಬ್ಬರು ಕೇಳಿದರೆ ಸಾಕು, ಮೆಣಸಿನ ಸಾರಿನಿಂದ ಹಿಡಿದು ಮಗುವಿನ ಹೊಟ್ಟೆನೋವಿನವರೆಗೆ ಮಾತು ಹರಿಯುತ್ತದೆ.

ಅರ್ಧ-ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಲಿವರ್‌ಮೋರ್ ಊರಿನ ಶಿವ-ವಿಷ್ಣು ದೇವಸ್ಥಾನ. ಒಂದೇ ಆವರಣದಲ್ಲಿ ಶಿವನೂ ಉಂಟು, ವಿಷ್ಣುವೂ ಉಂಟು. ಭಾನುವಾರ ಅಲ್ಲಿ ಮಂಗಳಾರತಿ ನೋಡಿ ನಿಂತರೆ ದೇಶ ಬಿಟ್ಟು ಬಂದದ್ದೇ ಮರೆತುಹೋಗುತ್ತೆ.

ಇಲ್ಲಿಯ ಋತುಗಳು ಮಾತ್ರ ನಮಗಿಂತ ತಿರುಗುಮುರುಗು. ಮಳೆ ಬರುವುದು ಚಳಿಗಾಲದಲ್ಲಿ. ಜೂನಿನಲ್ಲಿ ಹೋದರೆ ಬೆಟ್ಟವೆಲ್ಲ ಒಣಹುಲ್ಲಿನ ಬಣ್ಣ. ಮಳೆ ಬಿದ್ದು ಅದು ಹಸಿರಾಗುವ ಹೊತ್ತಿಗೆ ಡಿಸೆಂಬರು ಬಂದಿರುತ್ತದೆ. ಮಗು ಬೋರಲು ಬೀಳುವುದು, ನಿಮ್ಮ ದನಿ ಕೇಳಿ ನಗುವುದು, ಎಲ್ಲ ಆಗಲೇ. ನೀವು ಹೊರಡಬೇಕಾದ್ದೂ ಆಗಲೇ! ಕರುಳು ಕೇಳುತ್ತದೆಯೇ? "ಇನ್ನೊಂದು ತಿಂಗಳು ಇರಮ್ಮ" ಅಂತ ಮಗಳು ಅಂದರೆ ಯಾವ ತಾಯಿ ಇಲ್ಲ ಅಂದಾಳು, ಹೇಳಿ?

ಕೆರೆಯ ದಂಡೆಯಲ್ಲಿ ಪರಿಚಯವಾದ ಹಾಸನದ ಕಡೆಯ ತಾಯಿಯೊಬ್ಬರ ಕಥೆ ಕೇಳಿ. ಜೂನ್ 10ಕ್ಕೆ ಬಂದಿಳಿದವರಿಗೆ ಡಿಸೆಂಬರ್ 9ರವರೆಗೆ ಇರಲು ಅನುಮತಿ ಸಿಕ್ಕಿತ್ತು. ಪಾಸ್‌ಪೋರ್ಟಿನಲ್ಲಿ 10 ವರ್ಷದ ಪ್ರವಾಸಿ ವೀಸಾ ಇದೆಯಲ್ಲ ಎಂಬ ಧೈರ್ಯ. ಮಗಳು-ಅಳಿಯ ಕೂಡ ನೋಡಲಿಲ್ಲ. ಮೊಮ್ಮಗನಿಗೆ ಮೊದಲ ಸಂಕ್ರಾಂತಿಯ ಎಳ್ಳುಬೆಲ್ಲ ಕೊಟ್ಟು, ಜನವರಿ 20ಕ್ಕೆ ಹೊರಟರು. 42 ದಿನ ಹೆಚ್ಚು! ಹೊರಡುವಾಗ ಯಾರೂ ಚಕಾರವೆತ್ತಲಿಲ್ಲ. ಅಮೆರಿಕದಲ್ಲಿ ಹಾಗೆಯೇ, ಹೊರಡುವವರ ಪಾಸ್‌ಪೋರ್ಟಿಗೆ ನಮ್ಮಲ್ಲಿಯಂತೆ ಮೊಹರು ಒತ್ತುವ ಅಧಿಕಾರಿ ಕೂತಿರುವುದಿಲ್ಲ. ಆದರೆ ಪ್ರಯಾಣಿಕರ ಪಟ್ಟಿ ವಿಮಾನ ಕಂಪನಿಯಿಂದ ಸರ್ಕಾರಕ್ಕೆ ಹೋಗಿರುತ್ತದೆ. ಎರಡು ವರ್ಷದ ಮೇಲೆ ಮಗಳ ಎರಡನೇ ಹೆರಿಗೆಗೆಂದು ಅದೇ ವೀಸಾದ ಮೇಲೆ ಹೋದಾಗ, ಇಳಿದ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದರು. ಅಂಟಿನುಂಡೆಯ ಡಬ್ಬಿಯೂ ಅವರ ಜೊತೆ ವಾಪಸು ಬಂತು. ಮಗಳು ಬಾಣಂತನವನ್ನು ಒಬ್ಬಳೇ ಮಾಡಿಕೊಂಡಳು.

ಆಕೆ ಕಳ್ಳತನ ಮಾಡಿದವರಲ್ಲ. ಎರಡು ತಾರೀಖುಗಳನ್ನು ಒಂದೇ ಅಂದುಕೊಂಡವರು. ವೀಸಾದ ಮೇಲಿನ ತಾರೀಖು ಎಂದರೆ ಅಲ್ಲಿಯವರೆಗೆ ನೀವು ಆ ದೇಶದ ಬಾಗಿಲು ತಟ್ಟಬಹುದು ಅಂತ. ಒಳಗೆ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ವಿಮಾನ ನಿಲ್ದಾಣದ ಅಧಿಕಾರಿ, ಸಾಮಾನ್ಯವಾಗಿ ಆರು ತಿಂಗಳು. ಇದಕ್ಕೆ ಐ-94 ದಾಖಲೆ ಎನ್ನುತ್ತಾರೆ. ಹಿಂದೆ ಪಾಸ್‌ಪೋರ್ಟಿಗೆ ಬಿಳಿ ಚೀಟಿ ಪಿನ್ ಮಾಡಿ ಕೊಡುತ್ತಿದ್ದರು. 2013ರಿಂದ ವಿಮಾನದಲ್ಲಿ ಬರುವವರಿಗೆ ಅದು ಕಂಪ್ಯೂಟರಿನಲ್ಲೇ ಇರುತ್ತದೆ.

ಆ ದಿನ ದಾಟಿ ಒಂದೇ ದಿನ ಉಳಿದರೂ ಆ ವೀಸಾ ರದ್ದಾದಂತೆಯೇ. ಮತ್ತೆ ಹೋಗಲು ಹೊಸದಾಗಿ ಅರ್ಜಿ ಹಾಕಬೇಕು. 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ 3 ವರ್ಷ ಪ್ರವೇಶವಿಲ್ಲ. ಒಂದು ವರ್ಷ ಅಥವಾ ಹೆಚ್ಚಾದರೆ 10 ವರ್ಷ. ಇದು 1996ರಲ್ಲಿ ಮಾಡಿದ ಕಾನೂನು. ಹತ್ತು ವರ್ಷವೆಂದರೆ ತೊಟ್ಟಿಲ ಕೂಸು ಐದನೇ ಕ್ಲಾಸಿಗೆ ಹೋಗುವಷ್ಟು ಕಾಲ!

ಹಾಗಾದರೆ ನಿಜವಾಗಿಯೂ ಉಳಿಯಬೇಕಾಗಿ ಬಂದರೆ? ಮಗುವಿಗೆ ಕಾಯಿಲೆ, ನಿಮಗೇ ಆಪರೇಷನ್, ಹೀಗೆ ಏನೂ ಆಗಬಹುದು. ಅದಕ್ಕೂ ದಾರಿ ಇದೆ. ಅವಧಿ ಮುಗಿಯುವ ಮೊದಲೇ ಐ-539 ಎಂಬ ಅರ್ಜಿ ಹಾಕಬೇಕು. 45 ದಿನ ಮುಂಚೆಯೇ ಹಾಕಿ ಎನ್ನುವುದು ಅಲ್ಲಿಯ ಇಲಾಖೆಯ ಸಲಹೆ. ಉಳಿಯುವ ಕಾರಣ, ಖರ್ಚಿಗೆ ಹಣ, ಊರಿಗೆ ಮರಳುವ ಉದ್ದೇಶ ಇವನ್ನು ಕಾಗದಪತ್ರದ ಮೂಲಕ ತೋರಿಸಬೇಕು. ಬೇಡ ಎಂದು ತೀರ್ಪು ಬಂದರೆ ತಡಮಾಡದೆ ಹೊರಡಬೇಕು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಭಾರತದ ವಿಮಾನಗಳು ನಿಂತುಹೋದಾಗ ಅಲ್ಲಿ ಸಿಕ್ಕಿಕೊಂಡ ಎಷ್ಟೋ ತಂದೆ-ತಾಯಿಗಳಿಗೆ ಆಸರೆಯಾದದ್ದು ಇದೇ ಅರ್ಜಿ.

ಆದ್ದರಿಂದ, ಸೋದರಿಯರೇ, ಅಲ್ಲಿಗೆ ಹೋಗಿ ಸ್ನಾನ ಮಾಡಿ ಕಾಫಿ ಕುಡಿದ ಕೂಡಲೇ ಮಗಳಿಗೆ ಹೇಳಿ ಐ-94 ತೆಗೆಸಿ, ಕಾಗದದ ಮೇಲೆ ಅಚ್ಚು ಹಾಕಿಸಿಟ್ಟುಕೊಳ್ಳಿ. ಅಮೆರಿಕದವರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಾರೆ. 04/07 ಎಂದರೆ ಅಲ್ಲಿ ಏಪ್ರಿಲ್ 7, ಜುಲೈ 4 ಅಲ್ಲ. ವಾಪಸು ಟಿಕೆಟನ್ನು ಗಡುವಿಗೆ ಹತ್ತು ದಿನ ಮುಂಚೆಯೇ ಇಟ್ಟುಕೊಳ್ಳಿ. ವಿಮಾನ ತಪ್ಪಿದರೂ ಎದೆ ಹಾರುವುದಿಲ್ಲ. ಊರಿಂದ ಒಯ್ದ ಕ್ಯಾಲೆಂಡರಿನಲ್ಲಿ ಸಂಕಷ್ಟಿ, ಏಕಾದಶಿಗಳ ಜೊತೆ ಆ ಗಡುವನ್ನೂ ಕೆಂಪು ಶಾಯಿಯಲ್ಲಿ ಗುರುತು ಮಾಡಿ ಅಡಿಗೆಮನೆಯಲ್ಲಿ ತೂಗುಹಾಕಿ. ಸಕಾಲಕ್ಕೆ ಹೊರಟ ಅಜ್ಜಿಗೆ ಮೊಮ್ಮಗುವಿನ ಮನೆಯ ದಾರಿ ತೆರೆದೇ ಇರುತ್ತದೆ, ಅಲ್ಲವೇ?