ಗಾಳಿಯ ಕಣ್ಣು

ಅಮ್ಮನಿಗೆ ಬಸ್ಸಿನಲ್ಲಿ ವಿಂಡೋ ಸೀಟೇ ಆಗಬೇಕು. ಕನ್ನಡ ಬಿಟ್ಟು ಬೇರೆ ಭಾಷೆ ಆಡದ ಅವಳ ಬಾಯಲ್ಲೂ ಅದು ‘ವಿಂಡೋ’ವೇ. ಹಾಗಾಗಿ ಆ ಪದದ ಹುಟ್ಟು ತಿಳಿದ ದಿನ ಮೊದಲು ಹೇಳಿದ್ದು ಅವಳಿಗೆ.

ವಿಂಡೋ ಮೂಲತಃ ಇಂಗ್ಲಿಷಿನದಲ್ಲ. 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ಎರಗಿದ ವೈಕಿಂಗರ ಕಡೆಯವರು ಮುಂದೆ ಇಂಗ್ಲೆಂಡಿನಲ್ಲೇ ನೆಲೆಸಿ ಉತ್ತು ಬಿತ್ತು ಬಾಳಿದರು. ಅವರ ನಾರ್ಸ್ ನುಡಿಯ ‘ವಿಂಡ್‌ಔಗ’ ಅಲ್ಲಿ ಉಳಿದುಕೊಂಡಿತು. ವಿಂಡ್ ಎಂದರೆ ಗಾಳಿ, ಔಗ ಎಂದರೆ ಕಣ್ಣು. ನಡುವೆ ಒಲೆ ಉರಿಯುವ ಅವರ ಉದ್ದನೆಯ ಮನೆಗಳಲ್ಲಿ ಹೊಗೆ ಹೋಗಲು ಚಾವಣಿಯಲ್ಲೊಂದು ಕಂಡಿ ಇರುತ್ತಿತ್ತು. ಇಂಗ್ಲಿಷರಿಗೂ ಮುಂಚೆ ತಮ್ಮದೇ ಪದವಿತ್ತು, ‘ಕಣ್ಣಿನ ತೂತು’ ಎಂಬರ್ಥದ್ದು. ಅದು ಅಳಿಯಿತು. ಅದರೊಳಗಿನ ತೂತು ಮಾತ್ರ ಮೂಗಿನ ಹೊಳ್ಳೆಗೆ ಹೇಳುವ ‘ನಾಸ್ಟ್ರಿಲ್’ನ ಬಾಲದಲ್ಲಿ ಇಂದಿಗೂ ಇದೆ.

ಇದನ್ನು ಓದುತ್ತಿದ್ದಾಗ ಕಣ್ಮುಂದೆ ಬಂದದ್ದು ತೀರ್ಥಹಳ್ಳಿ ಕಡೆಯ ಅಜ್ಜಿಮನೆಯ ಅಡುಗೆಮನೆ. ಹೆಂಚಿನ ನಡುವೆ ಬೆಳಕಿಂಡಿ. ಬಿಸಿಲುಕೋಲಿನೊಳಗೆ ಒಲೆಯ ಹೊಗೆ ನೀಲಿಯಾಗಿ ಸುರುಳಿ ಸುತ್ತುತ್ತ ಏರುತ್ತಿತ್ತು. ಅಂಗೈಯಗಲದ ಆ ಬಿಸಿಲು ನೆಲದ ಮೇಲೆ ಸರಿಯುತ್ತ ಒರಳಿನ ಬಳಿ ಬಂತೆಂದರೆ ಅಜ್ಜಿ ಅನ್ನಕ್ಕೆ ಎಸರಿಡುತ್ತಿದ್ದಳು. ಗಡಿಯಾರ ಜಗಲಿಯಲ್ಲಿತ್ತು, ಅವಳು ಅತ್ತ ನೋಡಿದ್ದೇ ಕಡಿಮೆ.

ನಮ್ಮಲ್ಲೂ ಕಣ್ಣೇ ತಾನೆ! ಗವಾಕ್ಷವೆಂದರೆ ಗೋವಿನ ಕಣ್ಣು. ವಾತಾಯನವೆಂದರೆ ಗಾಳಿಯ ದಾರಿ. ಅದರ ‘ವಾತ’ವೂ ಇಂಗ್ಲಿಷಿನ ‘ವಿಂಡ್’ ಕೂಡ ಒಂದೇ ಬೇರಿನಿಂದ ಒಡೆದ ಚಿಗುರುಗಳು. ಕಿಟಕಿ ಉತ್ತರದ ಖಿಡಕಿಯಿಂದ ಬಂದದ್ದು. ಕಿಂಡಿಯಂತೂ ಉಡುಪಿಯಲ್ಲಿ ಕನಕನ ಹೆಸರು ಹೊತ್ತು ನಿಂತಿದೆ. ಜರಡಿಗೂ ಬಲೆಗೂ ಸೇತುವೆಗೂ ಕಣ್ಣು ಕೊಟ್ಟ ಭಾಷೆ ನಮ್ಮದು. ಗಾಳಿಗೆ ಕಣ್ಣು ಕೊಟ್ಟ ನಾರ್ಸ್ ಜನ ಅದಕ್ಕೇ ನನಗೆ ನೆಂಟರ ಹಾಗೆ ಕಂಡರು.

ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳಿಗೂ ತೆರಿಗೆ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಇದ್ದ ಕಿಟಕಿಗಳಿಗೇ ಇಟ್ಟಿಗೆ ಕಟ್ಟಿ ಮುಚ್ಚಿದರು. ಒಳಗೆ ಬಾಡಿಗೆಗಿದ್ದ ಬಡವರು ಕತ್ತಲಲ್ಲಿ ಉಸಿರಾಡಿದರು. ವಿಂಡೋ ಪದದ ಅರ್ಥ ಬಲ್ಲವರಿಗೆ ಅದು ಕಣ್ಣು ಕಟ್ಟಿದ ಹಾಗೇ ಕಾಣುತ್ತದೆ.

ಹೋದ ತಿಂಗಳು ಅಮ್ಮನನ್ನು ಎಸಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆ. ವಿಂಡೋ ಸೀಟನ್ನೇ ಹಿಡಿದಿದ್ದೆ. ತುಮಕೂರು ದಾಟುವಷ್ಟರಲ್ಲಿ ಅವಳ ಬೆರಳುಗಳು ಗಾಜಿನ ಅಂಚಿನುದ್ದಕ್ಕೂ ಏನನ್ನೋ ತಡಕತೊಡಗಿದವು.

“ಗಾಳಿ ಕಣ್ಣು ಅಂದಿದ್ಯಲ್ಲ, ಇದನ್ನ ತೆಗೆಯೋದು ಹ್ಯಾಗೆ?”

“ತೆಗೆಯೋಕೆ ಬರಲ್ಲಮ್ಮ.”

ಅವಳು ಏನೂ ಹೇಳಲಿಲ್ಲ. ಕಾಫಿಗೆಂದು ಬಸ್ಸು ನಿಂತಾಗ ಎಲ್ಲರಿಗಿಂತ ಮೊದಲು ಇಳಿದು, ಹೋಟೆಲಿನ ಕಡೆ ಹೋಗದೆ, ಗಾಳಿ ಬೀಸುವ ದಿಕ್ಕಿಗೆ ಮುಖ ಮಾಡಿ ನಿಂತಳು.